ಪಿಸ್ತೂಲಿಗೆ ಬ್ಯಾಟರಿ ಕೂಡಿಸಿದ ಗಂಗಯ್ಯ

ಬೈಲಹೊಂಗಲದ ಬಜಾರಿನ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಗೆ ಒತ್ತಿಕೊಂಡೇ ಗಂಗಯ್ಯನ ಬಂದೂಕು ರಿಪೇರಿ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಲೈಸೆನ್ಸು, ಅದರ ಮಗ್ಗುಲಿಗೆ ಬಸವಣ್ಣನವರ ಪಟ, ಕೆಳಗೆ ಉಸುಕು ತುಂಬಿದ ದೊಡ್ಡ ಡಬ್ಬಿ. ಕಿತ್ತೂರಿನ ಕಡೆಯಿಂದ ಹಂದಿ ಕಾಯುವ ರೈತರ ನಾಡಬಂದೂಕು, ಸವದತ್ತಿಯ ಕಡೆಯಿಂದ ವಾಡೆಯವರ ಹಳೆಯ ಜೋಡುನಳಿಗೆ, ರಾಮದುರ್ಗದ ಕಡೆಯಿಂದ ವ್ಯಾಪಾರಸ್ಥರ ಪಿಸ್ತೂಲು, ಎಲ್ಲವೂ ಈ ಓಣಿಗೇ ಬರುತ್ತವೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಗೆ ಜಮಾ. ಆ ದಿನಗಳಲ್ಲಿ ಗಂಗಯ್ಯ ಪಕ್ಕದ ಗಿರಣಿಯ ಕಲ್ಲು ಕುಟ್ಟಿಕೊಡುತ್ತ ಕೂಡುತ್ತಾನೆ.

ಹುಟ್ಟಿದ್ದು ಜಂಗಮರ ಮನೆಯಲ್ಲಿ. ಹರೆಯದಲ್ಲಿ ಕಾಡಪ್ಪನೆಂಬ ಮುದುಕನ ಕೈಕೆಳಗೆ ಕುಳಿತು ಈ ಕೆಲಸ ಕಲಿತ. ಮೂವತ್ತೆರಡು ವರ್ಷವಾದರೂ ಗಿರಣಿಯ ಸೋಮಪ್ಪನಿಗೆ ಇದೊಂದು ತಮಾಷೆಯೇ.

"ಒಂದ ಕೈಯಾಗ ವಿಭೂತಿ, ಒಂದ ಕೈಯಾಗ ಬಂದೂಕ. ಅಯ್ಯಾರ, ನೀವು ಮಂದೀನ ಉದ್ಧಾರ ಮಾಡಾವ್ರೋ, ಊರ ಬಿಡಸಾವ್ರೋ?"

"ಮೊದಲ ನಿನ್ನ ಗಿರಣಿ ಬಂದ್ ಮಾಡೋ. ಕಿವಿ ಕೇಳಸಿದ್ರ ಉದ್ಧಾರದ ಮಾತ ಆಡೂಣು."

ನಗುತ್ತಲೇ ಹೇಳುತ್ತಿದ್ದ. ಆದರೆ ಪ್ರತಿದಿನ ಮುಂಜಾನೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಾಗ ಅವನು ಕೇಳುತ್ತಿದ್ದುದು ಒಂದೇ: ನನ್ನ ಕೈದಾಟಿ ಹೋದ ಬಂದೂಕು ಯಾರ ಮೈಯನ್ನೂ ತಪ್ಪಿ ಮುಟ್ಟದಿರಲಿ. ಮೂವತ್ತೆರಡು ವರ್ಷ ಮುಟ್ಟಿರಲಿಲ್ಲ. ಅವನ ಹತ್ತಿರ ಹೆಮ್ಮೆ ಅಂತ ಇದ್ದುದು ಅಷ್ಟೇ, ಅಂಜಿಕೆ ಅಂತ ಇದ್ದುದೂ ಅದೇ.

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರ ಕಟಕೋಳದ ವಿರೂಪಾಕ್ಷ ಸಾವಕಾರ ಬಂದ. ಹೊಲಮನೆಯೂ ಉಂಟು, ಹತ್ತಿ ವ್ಯಾಪಾರವೂ ಉಂಟು, ನಲವತ್ತೈದರ ಆಳು. ಕಿಸೆಯಿಂದ ಅಂಗೈಯಗಲದ ಪಿಸ್ತೂಲನ್ನೂ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಕರಿ ದೀಪವನ್ನೂ ತೆಗೆದು ಮೇಜಿನ ಮೇಲಿಟ್ಟ.

"ಅಯ್ಯಾರ, ಇದಕ್ಕ ಈ ಬ್ಯಾಟರಿ ಕೂಡಸ್ರಿ."

"ಮೊದಲ ಎತ್ತರಿ ಅದನ್ನ. ಉಸುಕಿನ ಕಡೆ ಮಾರಿ ಮಾಡಿ ಖಾಲಿ ಮಾಡ್ರಿ."

"ಕಾರಿನ್ಯಾಗನ ಖಾಲಿ ಮಾಡಕೊಂಡ ಬಂದೇನ್ರಿ."

"ಮತ್ತೊಮ್ಮೆ ಮಾಡ್ರಿ. ನಾ ನೋಡಬೇಕಲಾ."

ಸಾವಕಾರ ಮುಖ ಗಂಟಿಕ್ಕಿಕೊಂಡು ಮಾಡಿದ. ಆಮೇಲೆ ಗಂಗಯ್ಯ ಕೇಳಿದ: "ಇದೆದಕ್ಕ ಬೇಕಾತ್ರಿ ನಿಮಗ?"

ವಿರೂಪಾಕ್ಷ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಬೇಸಿಗೆಯ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಸಪ್ಪಳವಾಗಿತ್ತು. ಆ ವಾರವೇ ಪಕ್ಕದ ಹೊಲದಿಂದ ಜೋಡೆತ್ತು ಕಳುವಾಗಿದ್ದವು. ಒಂದು ಕೈಯಲ್ಲಿ ಪಿಸ್ತೂಲು, ಒಂದು ಕೈಯಲ್ಲಿ ಬ್ಯಾಟರಿ ಹಿಡಿದು ಹೊರಟ. ದನಕ್ಕೆ ಮೇವು ಹಾಕುವ ಗ್ವಾದಲಿಗೆ ಕಾಲೆಡವಿ ಬ್ಯಾಟರಿ ಕೈಬಿಟ್ಟು ಆರಿಹೋಯಿತು. ಕತ್ತಲಲ್ಲಿ ಒಂದು ಆಕೃತಿ ಎದ್ದು ನಿಂತಿತು. ಬೆರಳು ಪಿಸ್ತೂಲಿನ ಕುದುರೆಯ, ಅಂದರೆ ಟ್ರಿಗರಿನ, ಮೇಲೆ ಹೋಗಿತ್ತು. ಅಷ್ಟರಲ್ಲಿ ಆ ಆಕೃತಿ ಕೆಮ್ಮಿತು.

"ಕೆಮ್ಮಿನ ಮ್ಯಾಲ ಗುರ್ತ ಹಿಡದ್ನಿರಿ. ನಮ್ಮ ಮುತ್ತಪ್ಪ. ಇಪ್ಪತ್ತ ವರ್ಷ ನಮ್ಮ ಮನ್ಯಾಗ ದುಡದಾಂವ. ಆಕಳ ಈಯಾಕ ಬಂದಿತ್ತಂತ, ಕಾಯಾಕ ಕುಂತಿದ್ದ. ಅವತ್ತ ಅಂವಗ ಕೆಮ್ಮ ಬರಲಿಲ್ಲಂದ್ರ..."

ಎದುರಿಗೆ ನಿಂತವರು ಯಾರೆಂದು ಕಾಣಲಿ ಎಂಬ ಕಾರಣಕ್ಕೆ ದೀಪ ಬೇಕೆನ್ನುವವನಿಗೆ ಇಲ್ಲ ಎನ್ನುವುದು ಹೇಗೆ? ಗಂಗಯ್ಯ ಒಪ್ಪಿಕೊಂಡ.

ದೊಡ್ಡ ಪಿಸ್ತೂಲುಗಳಿಗಾದರೆ ನಳಿಗೆಯ ಕೆಳಗೆ ದೀಪ ಕೂಡಿಸಲೆಂದೇ ಕಾರ್ಖಾನೆಯಲ್ಲಿ ಕಚ್ಚು ಕೊರೆದಿರುತ್ತಾರೆ. ಈ ಸಣ್ಣದಕ್ಕೆ ಅಂಥದೇನೂ ಇರಲಿಲ್ಲ. ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯನ್ನೇ ಎರಡು ಕಡೆಯಿಂದ ಕಚ್ಚಿ ಹಿಡಿಯಬೇಕು. ಮೊದಲನೆಯ ದಿನ ಕೂಡಿಸಿದ್ದು ಅಲುಗಾಡಿತು. ಎರಡನೆಯ ದಿನ ಬಿಗಿಯಾಯಿತು, ಆದರೆ ದೀಪದ ಬೆಳಕು ನಳಿಗೆಯ ದಿಕ್ಕು ಬಿಟ್ಟು ಎಡಕ್ಕೆ ವಾಲಿತು. ಮೂರನೆಯ ದಿನ ಎರಡೂ ಸರಿಹೋದವು. ಒಂದು ಮಾತ್ರ ಅವನ ಕೈಯಲ್ಲಿ ಇರಲಿಲ್ಲ. ದೀಪದ ಗುಂಡಿಗೂ ಕುದುರೆಗೂ ನಡುವೆ ಇದ್ದುದು ಆ ತೆಳ್ಳನೆಯ ಬಳೆಯೊಂದೇ. ಪಿಸ್ತೂಲೇ ಅಷ್ಟು ಸಣ್ಣದು. ಜಾಗ ಎಲ್ಲಿಂದ ತರುವುದು?

ಬೆಳಕು ಪರೀಕ್ಷಿಸಲು ಮಧ್ಯಾಹ್ನ ಷಟರ್ ಎಳೆದು ಅಂಗಡಿಯನ್ನು ಕತ್ತಲು ಮಾಡಿಕೊಂಡ. ಖಾಲಿ ಪಿಸ್ತೂಲನ್ನು ಉಸುಕಿನ ಡಬ್ಬಿಗೆ ಹಿಡಿದು ಗುಂಡಿ ಒತ್ತಿದ್ದನೋ ಇಲ್ಲವೋ, ಹಿಂದಿನ ಬಾಗಿಲು ತಳ್ಳಿಕೊಂಡು ಹೆಂಡತಿ ಅನ್ನಪೂರ್ಣಾ ಬುತ್ತಿಯೊಂದಿಗೆ ಬಂದಳು. ಸಪ್ಪಳಕ್ಕೆ ಅವನು ತಿರುಗಿದ. ಬೆಳಕೂ ತಿರುಗಿ ಅವಳ ಮುಖಕ್ಕೆ ಬಡಿಯಿತು.

"ಅಯ್ಯ ನಿಮ್ಮ! ಹೇಣ್ತಿ ಮಾರಿ ನೋಡಾಕ ಪಿಸ್ತೂಲ ಹಿಡೀಬೇಕೇನ್ರಿ?"

ಗಂಗಯ್ಯ ನಕ್ಕ. ನಗು ಅರ್ಧಕ್ಕೇ ನಿಂತಿತು. ಕೈ ಕೆಳಗಿಳಿಸಿ ಅವಳು ಬಿಚ್ಚಿಟ್ಟ ರೊಟ್ಟಿಯ ಮುಂದೆ ಕುಳಿತರೂ ತುತ್ತು ಎತ್ತಲಿಲ್ಲ. ಈ ದೀಪದಿಂದ ಯಾರನ್ನು ನೋಡಬೇಕೆಂದರೂ ಮೊದಲು ಅವರಿಗೆ ಗುರಿ ಇಡಬೇಕು. ಕಳ್ಳನಾದರೂ ಸರಿ, ಕರುವಾದರೂ ಸರಿ, ಮುತ್ತಪ್ಪನಾದರೂ ಸರಿ.

ವಿರೂಪಾಕ್ಷ ಒಯ್ಯಲು ಬಂದಾಗ ಇದನ್ನೆಲ್ಲ ಬಿಡಿಸಿ ಹೇಳಿದ. "ಸಾವಕಾರ್ರ, ಇದು ದಾರಿ ನೋಡೋ ಬ್ಯಾಟರಿ ಅಲ್ಲ. ಕೈಬ್ಯಾಟರಿ ಬ್ಯಾರೆ ಇರಬೇಕು. ಇದನ್ನ ಹಚ್ಚೂಮುಂದ ಎಡಗೈ ಹೆಬ್ಬೆರಳಲೆ ಒತ್ತರಿ. ಬಲಗೈ ಬೆರಳ ಕುದರಿ ಕಡೆ ಹೋಗಬಾರದು. ನೆಪ್ಪಿರಲಿ."

"ನಾ ಏನ ಸಣ್ಣ ಹುಡುಗೇನ್ರಿ? ಖಂಡೇನವಮಿಗೆ ನಮ್ಮಲ್ಲೇ ಬರಬೇಕ ನೋಡ್ರಿ ಪ್ರಸಾದಕ್ಕ. ನಮ್ಮವ್ವ ಹೇಳಿ ಕಳಸ್ಯಾಳ, ಆಯುಧ ಕೆಲಸಾ ಮಾಡಿದ ಕೈಲೆ ಪೂಜಿ ಆಗಬೇಕಂತ."

ಹೋಗದೆ ಇರಲಾಗಲಿಲ್ಲ. ಖಂಡೇನವಮಿಯ ದಿನ ಸ್ನಾನ, ಲಿಂಗಪೂಜೆ ಮುಗಿಸಿ ಬಸ್ಸು ಹಿಡಿದ. ಸವದತ್ತಿಯಲ್ಲಿ ಹಬ್ಬದ ಗದ್ದಲ. ಮುಂದಿನ ಬಸ್ಸು ತಾಸುಗಟ್ಟಲೆ ಬರಲಿಲ್ಲ. ಮುನವಳ್ಳಿ ದಾಟಿ ಕಟಕೋಳ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಜಾರಿತ್ತು. ಸಾವಕಾರರ ಅಂಗಳದಲ್ಲಿ ಟ್ರ್ಯಾಕ್ಟರಿಗೆ ಚೆಂಡುಹೂವಿನ ಸರ ಬಿದ್ದಾಗಿತ್ತು. ಒಳಗಿನಿಂದ ಗಂಟೆಯ ನಾದ ಬರುತ್ತಿತ್ತು. ಕಾಲು ತೊಳೆದು ದೇವರ ಕೋಣೆಯ ಹೊಸ್ತಿಲಿಗೆ ಬಂದ.

ದೇವರನ್ನಿಟ್ಟ ಜಗಲಿಯ ಮುಂದಿನ ಮಣೆಯ ಮೇಲೆ ಕುಡುಗೋಲು, ಕೊಡಲಿ, ಕುಂಟೆಯ ಕುಡ, ತಕ್ಕಡಿ, ಟ್ರ್ಯಾಕ್ಟರಿನ ಚಾವಿ. ಎಲ್ಲಕ್ಕೂ ವಿಭೂತಿಯ ಮೂರು ಗೆರೆ, ಕುಂಕುಮ, ಹೂವು. ನಡುವೆ ಹಸಿರು ಕುಪ್ಪಸದ ಬಟ್ಟೆಯ ಮೇಲೆ ಆ ಪಿಸ್ತೂಲು. ಜಗಲಿಯ ಕಡೆಗೆ ಹಿಡಿ ಇಟ್ಟಿದ್ದರು. ದೇವರಿಗೆ ಬಾಯಿ ತೋರಿಸಬಾರದೆಂಬ ಭಕ್ತಿ. ಹಾಗಾಗಿ ನಳಿಗೆ ಕೋಣೆಯ ಈಚೆ ತಿರುಗಿತ್ತು. ಅದರ ನೇರಕ್ಕೆ ಗೋಡೆಗೊರಗಿ, ಟೋಪಿ ತೊಡೆಯ ಮೇಲಿಟ್ಟುಕೊಂಡು ಒಬ್ಬ ಬಡಕಲು ಮನುಷ್ಯ ಕುಳಿತಿದ್ದ. ಅವನು ಕೆಮ್ಮಿದಾಗ, ಯಾರೂ ಹೇಳದೆಯೇ, ಇವನೇ ಮುತ್ತಪ್ಪ ಎಂದು ಗಂಗಯ್ಯನಿಗೆ ತಿಳಿಯಿತು.

"ಬರ್ರಿ ಅಯ್ಯಾರ, ನಿಮ್ಮ ಹಾದೀನ ನೋಡಾಕ ಹತ್ತಿದ್ವಿ. ಇಲ್ಲೆ ಕುಂದರ್ರಿ, ಅವ್ವನ ಮಗ್ಗಲಕ" ಎಂದು ವಿರೂಪಾಕ್ಷ ಮಣೆಯ ಪಕ್ಕದಲ್ಲಿ ಕಂಬಳಿ ಹಾಸಿದ.

ಅವ್ವನೆಂದರೆ ರಾಚವ್ವ, ಎಂಬತ್ತು ದಾಟಿದಾಕೆ. ಕಣ್ಣಿಗೆ ಪೊರೆ, ಕಿವಿ ಮಂದ, ಬಲಗೈ ಎಡೆಬಿಡದೆ ನಡುಗುತ್ತಿತ್ತು. ಗಂಗಯ್ಯ ಕುಳಿತದ್ದು ಗೊತ್ತಾಗಿ ಅವನ ಕಾಲ ಕಡೆ ಕೈ ಚಾಚಿ ಕಣ್ಣಿಗೊತ್ತಿಕೊಂಡಳು.

"ಶರಣ್ರಿ ಅಯ್ಯಾರ. ನೀವು ಹಾಕಿದ ದೀಪ ಇನ್ನ ಹಚ್ಚಿಲ್ಲ ನೋಡ್ರಿ. ದೇವರ ಮುಂದ ಮೊದಲ ನಾನ ಹಚ್ಚತೇನಂತ ಹೇಳೇನಿ. ಕರೆಂಟಿಂದಾದ್ರೇನು, ದೀಪ ದೀಪನ ಅಲ್ಲೇನ್ರಿ?"

ಹೀಗೆಂದು ಅವಳು ಬಲಗೈಯನ್ನು ಮಣೆಯ ಮೇಲೆ ಚಾಚಿದಳು.

ಗಂಗಯ್ಯನ ಕಣ್ಣು ಅವಳ ಬೆರಳನ್ನೇ ಹಿಂಬಾಲಿಸಿತು. ಆದರೂ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ದೇವರ ಮುಂದಿಟ್ಟದ್ದು, ಖಾಲಿಯೇ ಇರುತ್ತದೆ. ವಿರೂಪಾಕ್ಷನ ಕಡೆ ಬಾಗಿ ಮೆಲ್ಲಗೆ ಕೇಳಿದ: "ಖಾಲಿ ಐತೆಲ್ರಿ?"

"ಖಾಲಿ ಇಡಾಕ ಬರ್ತತೇನ್ರಿ ಇವತ್ತ?" ವಿರೂಪಾಕ್ಷನಿಗೇ ಆಶ್ಚರ್ಯ. "ನಮ್ಮ ಮುತ್ಯಾನ ಕಾಲಕ್ಕ ಬಂದೂಕಿಗೆ ಮದ್ದ ತುಂಬೇ ಪೂಜಿಗೆ ಇಡತಿದ್ರು. ಬರಿದ ಹೊಟ್ಟಿಲೆ ಆಯುಧ ದೇವರ ಮುಂದ ಕುಂಡ್ರಬಾರದು. ಒಂದ ಗುಂಡ ಏರಸೇನಿ. ಚಿಂತಿ ಮಾಡಬ್ಯಾಡ್ರಿ, ಸೇಫ್ಟಿ ಹಾಕೇನಿ."

ಗಂಗಯ್ಯ ಪಿಸ್ತೂಲನ್ನು ನೋಡಿದ. ಅದರ ಮಗ್ಗುಲಲ್ಲಿ ಸೇಫ್ಟಿಯ ಸಣ್ಣ ಕೀಲಿ ಇತ್ತು. ಅದು ಹಾಕಿದ್ದರೆ ಅದರ ಕೆಳಗಿನ ಕೆಂಪು ಚುಕ್ಕೆ ಮುಚ್ಚಿರುತ್ತದೆ. ತೆಗೆದಿದ್ದರೆ ಕಾಣುತ್ತದೆ. ಒಂದು ಕೆಂಪು ಚುಕ್ಕೆ ಕಾಣುತ್ತಿತ್ತು. ಆದರೆ ಅದರ ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಸಾವಕಾರರ ಹೆಂಡತಿ ರಾಜೇಶ್ವರಿ ಪಿಸ್ತೂಲಿನ ಉದ್ದಕ್ಕೂ ಸಾಲಾಗಿ ಕುಂಕುಮ ಇಟ್ಟಿದ್ದಳು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಅದು ಬಣ್ಣವೋ, ಕುಂಕುಮವೋ? ಎರಡು ಮೊಳ ದೂರದಿಂದ ಅವನ ಮೂವತ್ತೆರಡು ವರ್ಷದ ಕಣ್ಣಿಗೂ ಗೊತ್ತಾಗಲಿಲ್ಲ.

ರಾಚವ್ವನ ಬೆರಳು ಆಗಲೇ ಪಿಸ್ತೂಲಿನ ಮೇಲಿತ್ತು. ಕಣ್ಣಿಲ್ಲದವರು ಸೂಜಿ ಹುಡುಕುವಂತೆ ಗುಂಡಿ ಹುಡುಕುತ್ತಿದ್ದಳು. ದೀಪದ ಮೈ ಸವರಿದಳು. ಕಬ್ಬಿಣದ ಬಳೆಗೆ ಬಂದಳು. ಬೆರಳು ನಡುಗಿ ಬಳೆಯ ಒಳಗಿಳಿಯಿತು.

"ಇದೇನು, ಇದೇನ್ರಿ ಅದು?"

"ಅವ್ವಾರ, ಕೈ ತಗೀರಿ" ಎಂದ ಗಂಗಯ್ಯ. ದನಿ ಅವನ ಹಲ್ಲು ದಾಟಲಿಲ್ಲ. ಗಟ್ಟಿಯಾಗಿ ಕೂಗಿದರೆ ಮುದುಕಿ ಬೆಚ್ಚುತ್ತಾಳೆ. ಬೆಚ್ಚಿದ ಕೈ ಮುಷ್ಟಿ ಕಟ್ಟುತ್ತದೆ. ಹಿಡಿದೆಳೆದರೂ ಅದೇ. ಮುತ್ತಪ್ಪನಿಗೆ ಪಕ್ಕಕ್ಕೆ ಸರಿ ಎನ್ನಬೇಕೆಂದರೆ ಅವನ ಒಂದು ಬದಿಗೆ ಜೋಳದ ಚೀಲಗಳು, ಇನ್ನೊಂದು ಬದಿಗೆ ಆರತಿ ತಟ್ಟೆ ಹಿಡಿದು ನಿಂತ ರಾಜೇಶ್ವರಿ.

"ಹಚ್ಚಲಿ ಬಿಡ್ರಿ ಅಯ್ಯಾರ, ವರ್ಷದ ಹಬ್ಬ" ಎಂದ ವಿರೂಪಾಕ್ಷ, ತಾಯಿಯ ಕಡೆ ನಗುತ್ತ. ಅವನಿಗೆ ಬೆರಳು ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಹೂವಿನ ಸರ ಅಡ್ಡ ಬಂದಿತ್ತು.

ಗಂಗಯ್ಯ ಕಣ್ಣು ಮುಚ್ಚಲಿಲ್ಲ, ಆದರೆ ಒಳಗೆ ಶಿವಾ ಎಂದ. ಆ ಕ್ಷಣಕ್ಕೆ ಅವನ ಗಂಟಲಿನಿಂದ ಹೊರಟದ್ದು ಮಂಗಳಾರತಿ. ಅವನ ಅಪ್ಪ ಮನೆಮನೆಗೆ ಭಿಕ್ಷಕ್ಕೆ ಹೋದಾಗ ಹಾಡುತ್ತಿದ್ದ ಧಾಟಿ. ಗಟ್ಟಿಯಾಗಿ ಅಲ್ಲ, ಮೊದಲು ಗುನುಗಿದಂತೆ, ಆಮೇಲೆ ಒಂದೊಂದೇ ಮೆಟ್ಟಿಲು ಏರಿದಂತೆ. ಇನ್ನೂ ಧೂಪವೇ ಆಗಿರಲಿಲ್ಲ. ಆರತಿಯ ಹೊತ್ತು ಅದಾಗಿರಲಿಲ್ಲ. ರಾಜೇಶ್ವರಿ ಗಲಿಬಿಲಿಗೊಂಡು ಗಂಡನ ಮುಖ ನೋಡಿದಳು. ವಿರೂಪಾಕ್ಷ ಹುಬ್ಬೇರಿಸಿದ.

ರಾಚವ್ವ ತಲೆ ಎತ್ತಿದಳು. ಮಂದ ಕಿವಿಗೆ ಧಾಟಿ ಇಳಿಯಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಗಂಗಯ್ಯನಿಗೆ ಆ ಉಸಿರು ತೊರಗಲ್ಲಿನ ಕೋಟೆಯಷ್ಟು ಉದ್ದವಾಗಿತ್ತು. ಆಮೇಲೆ ಅವಳ ಮುಖ ಅರಳಿತು. ಅಯ್ಯನವರು ಆರತಿ ಎತ್ತಿದ ಮೇಲೆ ಆ ಮನೆಯಲ್ಲಿ ಯಾವ ಕೈಯೂ ಬೇರೆ ಕೆಲಸದಲ್ಲಿರಕೂಡದು. ಎಂಬತ್ತು ವರ್ಷ ನಡೆದುಬಂದ ರೂಢಿ. ಅವಳ ಬೆರಳು ತಾನಾಗಿ ಬಳೆಯಿಂದ ಹೊರಬಂತು. ಎರಡೂ ಕೈ ಎದೆಯ ಮುಂದೆ ಕೂಡಿದವು.

ಹಾಡು ನಿಲ್ಲಿಸದೆಯೇ ಗಂಗಯ್ಯ ಅಂಗೈಯನ್ನು ಪಿಸ್ತೂಲಿನ ಮೇಲಿಟ್ಟ. ನಳಿಗೆಯನ್ನು ಜೋಳದ ಚೀಲಗಳ ಕಡೆಗೆ ಹೊರಳಿಸಿ ಹಾಗೆಯೇ ಎತ್ತಿಕೊಂಡ. ಎದ್ದ. ಹೂವು ಉದುರಿದವು. ಹಿತ್ತಲ ಬಾಗಿಲಿನಿಂದ ಹೊರಗೆ ನಡೆದ.

"ಅಯ್ಯಾರ! ಪೂಜಿಗೆ ಇಟ್ಟದ್ದನ್ನ ನಡುವ ಎತ್ತತೀರೇನ್ರಿ? ಏನ ಹಚ್ಚೀರಿ ಇದು?" ವಿರೂಪಾಕ್ಷ ಹಿಂದೆಯೇ ಓಡಿಬಂದ. ಸಿಟ್ಟಿಗೆ ಮುಖ ಕೆಂಪಾಗಿತ್ತು.

ಗಂಗಯ್ಯ ಮಾತಾಡಲಿಲ್ಲ. ತಿಪ್ಪೆಯ ಕಡೆಗೆ ನಳಿಗೆ ಮಾಡಿ ಮೊದಲು ಹಿಡಿಯೊಳಗಿನ ಗುಂಡಿನ ಪಟ್ಟಿ, ಮ್ಯಾಗಜೀನು, ಹೊರಗೆಳೆದ. ಆಮೇಲೆ ಮೇಲಿನ ತುಂಡನ್ನು ಹಿಂದಕ್ಕೆ ಜಗ್ಗಿದ. ಹಿತ್ತಾಳೆಯ ಗುಂಡು ಮಿಂಚಿ ಮಣ್ಣಿಗೆ ಬಿತ್ತು. ಸೇಫ್ಟಿಯ ಕೀಲಿಯ ಬಳಿ ಹೆಬ್ಬೆರಳಿನಿಂದ ಒರೆಸಿದ. ಅಕ್ಕಪಕ್ಕದ ಎರಡು ಚುಕ್ಕೆಗಳು ಕರಗಿ ಬೆರಳಿಗೆ ಹತ್ತಿದವು. ನಡುವಿನದು ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದ. ಹೋಗಲಿಲ್ಲ.

"ನೋಡ್ರಿ" ಎಂದು ಮುಂದೆ ಹಿಡಿದ.

ವಿರೂಪಾಕ್ಷ ನೋಡಿದ. ಸಿಟ್ಟು ಇಳಿದ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ನಾ ಹಾಕಿದ್ದೆರಿ. ದೇವರಾಣಿ, ಹಾಕಿದ್ದೆ."

ಬಾಗಿಲಲ್ಲಿ ರಾಜೇಶ್ವರಿ ನಿಂತಿದ್ದಳು. ತಟ್ಟೆ ಇನ್ನೂ ಕೈಯಲ್ಲೇ ಇತ್ತು. "ಹಸಿ ಅರಬಿಲೆ ನಾನ ಒರಸೇನ್ರಿ. ಒರಸೂಮುಂದ ಟಕ್ ಅಂತು. ಏನರ ಮುರೀತೋ ಏನೋ, ಇವರು ಬೈತಾರಂತ ಸುಮ್ನಾದೆ."

"ನಿಮ್ಮದ ತಪ್ಪಿಲ್ಲ ತಂಗಿ" ಎಂದ ಗಂಗಯ್ಯ. ಬಾವಿಯ ಕಟ್ಟೆಗೆ ಕುಳಿತುಬಿಟ್ಟ. "ನಂದೂ ಐತಿ. ಹೇಳೋದನ್ನೆಲ್ಲ ಸಾವಕಾರ್ರಿಗೆ ಹೇಳಿ ಕೈ ತೊಳಕೊಂಡ್ನಿ. ಆಯುಧ ಮನ್ಯಾಗ ಇರತೈತಿ, ಮನಿ ಮಂದಿಗೆ ಹೇಳಲಿಲ್ಲ."

ಮುತ್ತಪ್ಪ ಹೊರಗೆ ಬಂದ. ಗುಂಡನ್ನು ನೋಡಿದ, ಪಿಸ್ತೂಲನ್ನು ನೋಡಿದ, ತಾನು ಕುಳಿತ ಜಾಗದ ಕಡೆ ತಿರುಗಿ ನೋಡಿದ. ಒಮ್ಮೆ ಕೆಮ್ಮಿದ.

"ಧಣ್ಯಾರ, ನನ್ನ ತಗೀಬೇಕಂತಿದ್ರ ಬಾಯ್ಮಾತಿಲೆ ಹೇಳ್ರಿ. ವರ್ಷಕ್ಕ ಎರಡೆರಡ ಸಲ ಯಾಕ ತ್ರಾಸ ತಗೋತೀರಿ?"

ಯಾರೂ ನಗಲಿಲ್ಲ. ವಿರೂಪಾಕ್ಷ ಅವನ ಎರಡೂ ಕೈ ಹಿಡಿದುಕೊಂಡ. ಮುತ್ತಪ್ಪನೇ ಮುಜುಗರದಿಂದ ಕೈ ಬಿಡಿಸಿಕೊಂಡ.

ವಿರೂಪಾಕ್ಷ ಗಂಗಯ್ಯನ ಕಡೆ ತಿರುಗಿದ: "ಆ ದೀಪ ಕಿತ್ತ ಹಾಕ್ರಿ ಅಯ್ಯಾರ. ನನಗ ಬ್ಯಾಡ."

"ದೀಪದ್ದೇನ ತಪ್ಪು? ಕಿತ್ತರ ಮತ್ತ ಕತ್ತಲ." ಗಂಗಯ್ಯ ಕೊಟ್ಟಿಗೆಯ ಕಡೆ ನೋಡಿದ. "ಒಂದ ಕೇಳತೇನಿ. ಅಲ್ಲಿ ಬಲ್ಬ್ ಐತೇನ್ರಿ?"

ಉತ್ತರ ಕೊಟ್ಟವನು ಮುತ್ತಪ್ಪ: "ನಾಲ್ಕ ವರ್ಷಾತ್ರಿ, ಹಾಕಸ್ರಿ ಹಾಕಸ್ರಿ ಅಂತೇನಿ."

ಒಳಗಿನಿಂದ ರಾಚವ್ವ ಕೂಗುತ್ತಿದ್ದಳು. ಅವಳಿಗೆ ಏನಾಯಿತೆಂದು ಗೊತ್ತಿರಲಿಲ್ಲ. ಮಗ ಹೇಳಲು ಹಿಂದೆಮುಂದೆ ನೋಡಿದ. ಗಂಗಯ್ಯನೇ ಹೋಗಿ ಅವಳ ಕಿವಿಯ ಬಳಿ ಕುಳಿತು, ಏನನ್ನೂ ಮುಚ್ಚದೆ, ಬೆರಳು ಎಲ್ಲಿತ್ತು, ಎದುರಿಗೆ ಯಾರಿದ್ದರು ಎಲ್ಲ ಹೇಳಿದ. ಮುದುಕಿ ತನ್ನ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಕೇಳಿದಳು: "ಪೂಜಿ ಹೆಂಗ ಮಾಡೂಣ್ರಿ ಅಯ್ಯಾರ? ಬರಿದ ಇಡಬಾರದಲಾ."

"ನೀವ ಹೇಳ್ರಿ ಅವ್ವಾರ. ಹೆಣ್ಣಮಕ್ಕಳನ್ನ ಬರಿದ ಕಳಸಬಾರದಂದ್ರ ಏನ ಮಾಡತೀರಿ?"

"ಉಡಿ ತುಂಬತೇವಿ."

ಹೇಳಿದವಳೇ ಸೊಸೆಗೆ ಕೈಮಾಡಿದಳು. ರಾಜೇಶ್ವರಿ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣಬೇರು, ಕೊಬ್ಬರಿ ಬಟ್ಟಲು ತಂದಳು. ಗುಂಡುಗಳು ಟ್ರಂಕಿನೊಳಗೆ ಹೋಗಿ ಬೀಗ ಬಿತ್ತು. ಖಾಲಿ ಪಿಸ್ತೂಲಿನ ಮುಂದೆ ಹಸಿರು ಕುಪ್ಪಸದ ಮೇಲೆ ರಾಚವ್ವ ಐದು ಹಿಡಿ ಹಾಕಿದಳು. ನಡುಕಕ್ಕೆ ಅಕ್ಕಿ ಅರ್ಧ ಕೆಳಗೇ ಚೆಲ್ಲಿತು. ಆರತಿಗೆ ಮುನ್ನ ಗಂಗಯ್ಯ ಎಲ್ಲರನ್ನೂ ನಿಲ್ಲಿಸಿದ. ಪಿಸ್ತೂಲಿನ ಮೇಲಿನ ತುಂಡನ್ನು ಹಿಂದಕ್ಕೆ ಜಗ್ಗಿ ಹಿಡಿದು, ಗುಂಡು ಕೂಡುವ ತೂತನ್ನು ಬೆಳಕಿಗೆ ತೋರಿಸಿದ.

"ಕಣ್ಣಿನ ಮ್ಯಾಲ ನಂಬಿಕಿ ಇಡಬ್ಯಾಡ್ರಿ. ಕಿರಿಬೆರಳ ಹಾಕಿ ನೋಡ್ರಿ. ಮನ್ಯಾಗಿನವರು ಒಬ್ಬೊಬ್ಬರ."

ವಿರೂಪಾಕ್ಷ ಹಾಕಿ ನೋಡಿದ. ರಾಜೇಶ್ವರಿ ಸೆರಗಿಗೆ ಕೈ ಒರೆಸಿಕೊಂಡು ಹಾಕಿ ನೋಡಿದಳು. ರಾಚವ್ವನ ಬೆರಳನ್ನು ಗಂಗಯ್ಯನೇ ಹಿಡಿದು ಮುಟ್ಟಿಸಿದ.

"ಏನೂ ಇಲ್ರಿ" ಎಂದಳು ಮುದುಕಿ.

ಮುತ್ತಪ್ಪ ಬಾಗಿಲಿನಿಂದ ಈಚೆ ಬರಲಿಲ್ಲ. "ನನಗ್ಯಾಕ್ರಿ ಅದೆಲ್ಲ?"

"ಎಲ್ಲಾರಕಿಂತ ಮೊದಲ ನಿನಗ ಬೇಕಪಾ. ಬಾ."

ಅವನು ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಬಂದ. ದುಡಿದು ದುಡಿದು ಗಂಟುಗಟ್ಟಿದ ಬೆರಳು. ತೂತಿನಲ್ಲಿ ತುದಿಯಷ್ಟೇ ಹೋಯಿತು. ಹಾಗೆಯೇ ಇಟ್ಟುಕೊಂಡು ನಿಂತ. ಆರತಿಯ ತಟ್ಟೆ ಹಿಡಿದ ರಾಜೇಶ್ವರಿ ಕಾದಳು, ವಿರೂಪಾಕ್ಷ ಕಾದ. ಯಾರೂ ಅವನಿಗೆ ಲಗೂನ ಮಾಡು ಎನ್ನಲಿಲ್ಲ.

"ತಣ್ಣಗ ಐತ್ರಿ" ಎಂದ ಕೊನೆಗೆ.